ಬಾನೆಟ್ಟಿನ ಒಳಮೈ

ನಮ್ಮ ಪಿಕಪ್ಪಿಗೆ ಫೈಬರ್ ಬಾನೆಟ್ ಹಾಕಿಸುತ್ತೇನೆ ಅಂದಾಗ ಮೊದಲು ಬೇಡ ಅಂದವರು ಮೀನಿನವರೇ. ಮಲ್ಪೆ ಬಂದರಿನಲ್ಲಿ ಬಾಕ್ಸ್ ಲೋಡಾಗುತ್ತಿತ್ತು. ಸುಮ್ನೆ ಮಾತಿಗೆ ಹೇಳಿದ್ದೆ. "ಫೈಬರಾ? ಅದು ನಿಲ್ಲುದಿಲ್ಲ ಮಾರ್ರೆ. ತಗಡಿಂದೇ ಹಾಕಿಸಿ," ಅಂದರು ಒಬ್ಬರು. ಪಕ್ಕದಲ್ಲಿದ್ದವರೂ ಹೌದು ಹೌದು ಅಂತ ತಲೆ ಆಡಿಸಿದರು. ಅವರೆಲ್ಲ ನಾಡದೋಣಿಯಲ್ಲಿ ಕಡಲಿಗೆ ಹೋಗುವವರು. ಅವರ ದೋಣಿ ಬುಡದಿಂದ ತುದಿವರೆಗೆ ಫೈಬರ್, ಅಂದರೆ ಗಾಜಿನ ಎಳೆಗೆ ರೆಸಿನ್ ಅನ್ನುವ ಅಂಟು ಕುಡಿಸಿ ಗಟ್ಟಿ ಮಾಡಿದ್ದು. ಅಲೆಯ ಹೊಡೆತ, ಹೊರಗೆ ಕಟ್ಟಿದ ಎಂಜಿನ್ನಿನ ನಡುಕ, ದಡದ ಮರಳಿನ ಉಜ್ಜಾಟ, ಎಲ್ಲವನ್ನೂ ಅದೇ ಫೈಬರ್ ತಡೆಯುತ್ತದೆ. ಅದರ ಮೇಲೆ ಜೀವ ಇಟ್ಟು ಹೋಗುವವರು ಗಾಡಿಯ ಬಾನೆಟ್ಟಿಗೆ ಅದು ಆಗುವುದಿಲ್ಲ ಅಂತಾರೆ. ಯಾಕೆ?

ಒಬ್ಬಿಬ್ಬರ ಮಾತು ಅಂತ ಬಿಟ್ಟುಬಿಡುವ ಹಾಗೂ ಇರಲಿಲ್ಲ. ಗ್ಯಾರೇಜಿನಲ್ಲೂ ಅದೇ ಮಾತು, ಮನೆಯಲ್ಲೂ ಅದೇ ಮಾತು. ತಗಡು ಅಂದರೆ ಗಟ್ಟಿ, ಫೈಬರ್ ಅಂದರೆ ಶೋಕಿ. ರಸ್ತೆಯ ಮೇಲೆ ಜನ ನೋಡಿರುವ ಫೈಬರ್ ಹೆಚ್ಚಿನದು ಅಂಥದ್ದೇ ಅನ್ನುವುದು ನಿಜ. ಒಡೆದ ಬಂಪರ್, ಗಾಳಿಯೇ ಹೋಗದ ಅಲಂಕಾರದ ಸ್ಕೂಪ್, ಬುಡ ಬಿರುಕು ಬಿಟ್ಟ ಸ್ಪಾಯ್ಲರ್. ಆದರೆ ಹೆಜಮಾಡಿಯಿಂದ ಗಂಗೊಳ್ಳಿವರೆಗೆ ಕಡಲ ಬದಿಯಲ್ಲಿ ಒಂದು ಸುತ್ತು ಹಾಕಿ ನೋಡಿ. ಟಾರ್ಪಾಲಿನ ಅಡಿಯಲ್ಲಿ, ತೆಂಗಿನ ಮರದ ಬುಡದಲ್ಲಿ ಫೈಬರ್ ಕೆಲಸ ಕಲಿತ ಎಷ್ಟು ಕೈಗಳು ಸಿಗುತ್ತವೆ! ಇಷ್ಟು ತಿಳಿದವರು ಇಲ್ಲೇ ಇದ್ದಾರೆ. ಆದರೆ ಆ ತಿಳಿವಳಿಕೆ ಮರಳು ದಾಟಿ ಹೈವೇ ಬದಿಯ ಗ್ಯಾರೇಜಿಗೆ ಬಂದಿಲ್ಲ. ಈ ಬಾನೆಟ್ ಕೆಲಸ ಮುಗಿಯುವಷ್ಟರಲ್ಲಿ ನನಗೆ ಅತಿ ಹೆಚ್ಚು ಕಾಡಿದ್ದು ಈ ವಿಷಯ.

ತುಕ್ಕು ಶುರುವಾಗುವ ಜಾಗ

ಹಳೇ ಬಾನೆಟ್ ಯಾಕೆ ಹೋಯಿತು ಅಂತ ಕರಾವಳಿಯಲ್ಲಿ ಗಾಡಿ ಇಟ್ಟವರಿಗೆ ಹೇಳಬೇಕಾಗಿಲ್ಲ. ಆದರೂ ತುಕ್ಕು ಎಲ್ಲಿಂದ ಬರುತ್ತದೆ ಅನ್ನುವುದನ್ನು ಸರಿಯಾಗಿ ನೋಡಬೇಕು. ತಗಡಿನ ಬಾನೆಟ್ ಅಂದರೆ ಒಂದು ತಗಡಲ್ಲ, ಎರಡು. ಹೊರಗೆ ನಯವಾದ ಹಾಳೆ, ಒಳಗೆ ಪಕ್ಕೆಲುಬಿರುವ ಚೌಕಟ್ಟು. ಹೊರಗಿನ ಹಾಳೆಯ ಅಂಚನ್ನು ಒಳಗಿನದರ ಮೇಲೆ ಮಡಚಿ ಒತ್ತಿರುತ್ತಾರೆ. ಆ ಮಡಿಕೆಯ ಒಳಗೆ ಪೈಂಟ್ ಸರಿಯಾಗಿ ಹೋಗುವುದು ಕಷ್ಟ. ನೀರು ಮಾತ್ರ ಆರಾಮಾಗಿ ಹೋಗುತ್ತದೆ. ನಮ್ಮ ಕಡೆ ಅದು ಬರೀ ನೀರೂ ಅಲ್ಲ. ಬಂದರಿನಿಂದ ಹೊರಟ ಮೀನಿನ ಗಾಡಿಗಳು ಒಂದರ ಹಿಂದೆ ಒಂದು ಹೈವೇ ಹತ್ತುತ್ತವೆ. ಮುಂದಿನ ಗಾಡಿಯಿಂದ ಸೋರುವ ಉಪ್ಪುನೀರು ಹಿಂದಿನ ಗಾಡಿಯ ಮೂತಿಗೆ ಹಾರುತ್ತದೆ. ಉಪ್ಪು ಒಮ್ಮೆ ಮಡಿಕೆಯಲ್ಲಿ ಕೂತರೆ ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಳ್ಳುತ್ತದೆ. ಮಳೆ ಬರಬೇಕು ಅಂತ ಇಲ್ಲ. ಏಪ್ರಿಲ್ ತಿಂಗಳ ಸೆಕೆಯೇ ಸಾಕು.

ಹೊರಗೆ ಪೈಂಟ್ ಗುಳ್ಳೆ ಕಾಣುವಾಗ ಒಳಗೆ ತಗಡು ಅರ್ಧ ತಿಂದುಹೋಗಿರುತ್ತದೆ. ಟಿಂಕರಿಂಗ್‌ನವರು ಕೊಳೆತ ಭಾಗ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಕೊಡುತ್ತಾರೆ. ಪಾಪ, ಅವರ ಕೈಯಲ್ಲಿ ಇರುವುದು ಅಷ್ಟೇ. ವೆಲ್ಡಿಂಗ್ ಬಿಸಿಗೆ ಅಕ್ಕಪಕ್ಕದ ರಕ್ಷಣೆಯ ಪದರ ಸುಟ್ಟುಹೋಗುತ್ತದೆ. ಎರಡು ಮಳೆಗಾಲದಲ್ಲಿ ಆ ಗೆರೆಯ ಉದ್ದಕ್ಕೂ ಮತ್ತೆ ಕಂದು ಬಣ್ಣ. ಹೊಸ ತಗಡಿನ ಬಾನೆಟ್ ತಂದರೂ ಅದರಲ್ಲೂ ಅದೇ ಮಡಿಕೆ. ಹಾಗಾಗಿ ಫೈಬರ್ ನನಗೆ ಶೋಕಿಯ ಮಾತಾಗಿರಲಿಲ್ಲ. ಉಪ್ಪು ತಿನ್ನಲಾರದ ವಸ್ತು ಬೇಕಿತ್ತು, ಅಷ್ಟೇ.

ಫೈಬರ್ ಮೈಯ ಗಾಡಿ ಹೊಸ ವಿಷಯವೂ ಅಲ್ಲ. ಅಮೆರಿಕದಲ್ಲಿ 1953ರಲ್ಲಿ ಬಂದ ಮೊದಲ ಕಾರ್ವೆಟ್ ಕಾರುಗಳ ಮೈ ಫೈಬರಿನದ್ದು. ಆ ವರ್ಷ ಮಾಡಿದ್ದು 300 ಕಾರು, ಎಲ್ಲವೂ ಬಿಳಿ. ಅಲ್ಲಿಯ ಉದ್ದ ಮೂತಿಯ ದೊಡ್ಡ ಟ್ರಕ್ಕುಗಳ ಬಾನೆಟ್ಟುಗಳಲ್ಲೂ ಫೈಬರ್ ಮತ್ತು ಅದರ ಬಳಗದ ವಸ್ತುಗಳೇ ಜಾಸ್ತಿ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಬೆಂಗಳೂರಿನಲ್ಲೇ ಸಿಪಾನಿಯವರು 1982ರಲ್ಲಿ ಡಾಲ್ಫಿನ್ ಅನ್ನುವ ಫೈಬರ್ ಮೈಯ ಕಾರು ತಂದರು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ್ದು. ಹಗುರವಾದ ಗಾಡಿ, ರ್‍ಯಾಲಿಗಳಲ್ಲೂ ಓಡಿತು. ಕರ್ನಾಟಕದಲ್ಲಿ ಹುಟ್ಟಿದ ಆ ಕಾರನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು ಅಂತ ನನಗೆ ಅನ್ನಿಸುತ್ತದೆ.

ನಾಣ್ಯ ತಟ್ಟಿದವರು

ಬಾನೆಟ್ ಪಾರ್ಸೆಲ್ ಲಾರಿಯಲ್ಲಿ ಬಂತು. ರಟ್ಟು ಬಿಚ್ಚಿದರೆ ಕಪ್ಪಗೆ, ಮುಖ ಕಾಣುವಷ್ಟು ಹೊಳಪು. ಮಧ್ಯದಲ್ಲಿ ಗಾಳಿಯ ಸ್ಕೂಪ್. ಟರ್ಬೋದಿಂದ ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ನಮ್ಮ ಗಾಡಿಯಲ್ಲಿ ಎಂಜಿನ್ನಿನ ಮೇಲೆಯೇ ಕೂತಿರುವುದರಿಂದ ಸ್ಕೂಪ್ ನಿಜವಾಗಿ ಬೇಕಾದದ್ದೇ. ಗ್ಯಾರೇಜಿನ ಹುಡುಗರು ಹೊಳಪು ನೋಡಿ ಒಂದು ಕೋಟ್ ಪೈಂಟ್ ಹೊಡೆದು ಹಾಕಿಬಿಡುವ ಅಂದರು.

ಅಷ್ಟರಲ್ಲಿ ಪಡುಕೆರೆ ಕಡೆ ದೋಣಿಗೆ ಫೈಬರ್ ಮಾಡುವ ಒಬ್ಬ ಹಿರಿಯರು ತಮ್ಮ ಟೆಂಪೋದ ಕೆಲಸಕ್ಕೆ ಅಲ್ಲಿಗೆ ಬಂದಿದ್ದರು. ಅವರು ಹೊಳಪಿನ ಕಡೆ ನೋಡಲೇ ಇಲ್ಲ. "ಅದನ್ನು ಒಮ್ಮೆ ಕವುಚಿ ಹಾಕಿ," ಅಂದರು. ನಾಲ್ಕು ಟೈರು ಜೋಡಿಸಿ, ಮೇಲೆ ಹಳೇ ಕಂಬಳಿ ಹಾಸಿ ಕವುಚಿ ಇಟ್ಟೆವು. ಅವರು ಕೂತು, ಅಂಗೈಯಿಂದ ಒಳಮೈಯನ್ನು ನಿಧಾನಕ್ಕೆ ಸವರಿದರು. ಆಮೇಲೆ ಜೇಬಿನಿಂದ ಒಂದು ನಾಣ್ಯ ತೆಗೆದು, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ, ಕಿವಿ ಹತ್ತಿರ ಇಟ್ಟು ತಟ್ಟುತ್ತಾ ಹೋದರು. ಟಿಕ್ ಟಿಕ್ ಟಿಕ್ ಅಂತ ಗಟ್ಟಿ ಸದ್ದು. ಎಡಗಡೆಯ ಅಂಚಿನ ಹತ್ತಿರ ಬಂದಾಗ ಸದ್ದು ಡಬ್ ಅಂತ ಮಂಕಾಯಿತು. ಅಲ್ಲಿ ಚಾಕ್‌ಪೀಸಿನಿಂದ ಒಂದು ಸುತ್ತು ಎಳೆದರು. ಟಾರ್ಚ್ ಹಾಕಿ ತೋರಿಸಿದರು. ಗಾಜಿನ ಎಳೆಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು. ರೆಸಿನ್ ಕುಡಿಯದ ಮ್ಯಾಟ್, ಅಂದರೆ ಗಾಜಿನ ಎಳೆಯ ಹಾಸು. ಅಲ್ಲಿ ಪದರಗಳು ಒಂದಕ್ಕೊಂದು ಹಿಡಿದಿರಲಿಲ್ಲ.

"ಹೊರಗಿಂದ ನೋಡಿದ್ರೆ ಎಂತ ಗೊತ್ತಾಗ್ತದೆ? ಹೊರಗಿರುದು ಅಚ್ಚಿನ ಚಂದ. ಕೈಕೆಲಸ ಇರುದು ಒಳಗೆ," ಅಂದರು.

ಅದನ್ನು ಕೇಳಿದ ಮೇಲೆ ಬಂದರಿನವರ ಮಾತು ನನಗೆ ಬೇರೆಯೇ ಅರ್ಥ ಕೊಟ್ಟಿತು. ತಗಡಿನ ಬಾನೆಟ್ ಪ್ರೆಸ್ಸಿನಲ್ಲಿ ಒತ್ತಿದ್ದು. ಒಂದರ ಹಾಗೆ ಇನ್ನೊಂದು ಇರುತ್ತದೆ. ಫೈಬರ್ ಹಾಗಲ್ಲ. ಅಚ್ಚಿಗೆ ಮೇಣ ಸವರಿ, ಹೊರಮೈಯ ನಯ ಪದರವಾಗುವ ಜೆಲ್‌ಕೋಟ್ ಹೊಡೆದು, ಅದರ ಮೇಲೆ ಮ್ಯಾಟ್ ಹಾಸಿ, ಬ್ರಷ್ಷಿನಿಂದ ರೆಸಿನ್ ಕುಡಿಸಿ, ರೋಲರ್ ಒತ್ತಿ ಗಾಳಿ ಹೊರಗೆ ಹಾಕಬೇಕು. 450 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ಗಟ್ಟಿಯಾದಾಗ ಸುಮಾರು ಒಂದು ಮಿಲಿಮೀಟರ್ ದಪ್ಪ ಬರುತ್ತದೆ. ಒಂದು ಪದರ ಕಮ್ಮಿ ಹಾಕಿದರೂ ಹೊರಗಿನಿಂದ ಗೊತ್ತಾಗದು. ರೆಸಿನ್ನಿಗೆ ಹಾಕುವ ಹಾರ್ಡ್ನರ್ ಶೇಕಡಾ 1ರಿಂದ 2ರ ಒಳಗೆ ಇರಬೇಕು. ಅದು ಕಮ್ಮಿಯಾದರೆ ತಿಂಗಳು ಕಳೆದರೂ ಒಳಗೆ ಹಸಿಹಸಿ. ಜಾಸ್ತಿಯಾದರೆ ಬಿಸಿಯೇರಿ ಬಿರುಕು. ಇದೆಲ್ಲ ಮಾಡುವವರ ಕೈಗೆ, ಆ ದಿನದ ಹವೆಗೆ ಬಿಟ್ಟ ಮಾತು. ದೋಣಿ ಮಾಡಿಸುವ ಮೀನುಗಾರ ಇದನ್ನೆಲ್ಲ ಪಕ್ಕದಲ್ಲಿ ನಿಂತು ನೋಡುತ್ತಾನೆ. ಎಷ್ಟು ಪದರ ಹಾಕಿದರು, ಎಲ್ಲಿ ರೋವಿಂಗ್ ಅನ್ನುವ ನೇಯ್ದ ಗಾಜಿನ ಬಟ್ಟೆ ಕೊಟ್ಟರು, ಎಲ್ಲಿ ಪಕ್ಕೆ ಕೂಡಿಸಿದರು, ಎಲ್ಲ ಅವನಿಗೆ ಗೊತ್ತು. ಅವನ ನಂಬಿಕೆ ಆ ಕೆಲಸದ ಮೇಲೆ. ರಟ್ಟಿನಲ್ಲಿ ಕಟ್ಟಿ ಬಂದ ಬಾನೆಟ್ಟಿನ ಒಳಮೈ ಅವನು ನೋಡಿಲ್ಲ, ನಂಬಲಿಲ್ಲ. ಸರಿಯಾಗಿಯೇ ಯೋಚಿಸಿದ್ದಾರೆ ಅಲ್ವಾ?

ಗುರುತು ಮಾಡಿದ ಜಾಗವನ್ನು ಗ್ರೈಂಡರಿನಿಂದ ತೆಳುವಾಗಿ ಇಳಿಜಾರು ಬರುವ ಹಾಗೆ ಉಜ್ಜಿ, ಒಣ ಎಳೆ ಎಲ್ಲ ತೆಗೆದು, ಅಸಿಟೋನಿನಲ್ಲಿ ಒರೆಸಿ, ಹೊಸ ಮ್ಯಾಟ್ ಕೂರಿಸಿದರು. ಅಂಚಿನ ಸುತ್ತಲೂ ಇನ್ನೊಂದು ಪದರ ಸೇರಿಸಿದರು. ಉಜ್ಜುವ ಕೆಲಸಕ್ಕೆ ಅವರು ತುಂಬು ತೋಳಿನ ಅಂಗಿ, ಮಾಸ್ಕ್, ಕನ್ನಡಕ ಇಲ್ಲದೆ ಕೈ ಹಾಕಲಿಲ್ಲ. ಗಾಜಿನ ಪುಡಿ ಚರ್ಮಕ್ಕೆ ಕೂತರೆ ಎರಡು ದಿನ ತುರಿಕೆ ಬಿಡುವುದಿಲ್ಲ. ಶ್ವಾಸಕ್ಕೆ ಹೋಗುವುದಂತೂ ಬೇಡವೇ ಬೇಡ. ಇನ್ನೊಂದು ಎಚ್ಚರ ಅವರಿಂದಲೇ ಕೇಳಿದ್ದು. ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಹಾಕುವ ಕೋಬಾಲ್ಟ್ ಮತ್ತು ಹಾರ್ಡ್ನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಲೇಬಾರದು, ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಪೂರ್ತಿ ಬೆರೆಸಿ, ಆಮೇಲೆ ಹಾರ್ಡ್ನರ್. ಮನೆಯಲ್ಲಿ ಸಣ್ಣ ರಿಪೇರಿ ಮಾಡುವ ಹುಮ್ಮಸ್ಸಿನವರು ಇದನ್ನು ಮರೆಯಬೇಡಿ.

ಕೂರಿಸುವುದು

ರೆಡಿಮೇಡ್ ಬಾನೆಟ್ ಅಂದರೆ ನಾಲ್ಕು ಬೋಲ್ಟ್ ಬಿಗಿದರೆ ಆಯಿತು ಅಂತ ಹೆಚ್ಚಿನವರ ಲೆಕ್ಕ. ತಗಡಿನ ಒರಿಜಿನಲ್ ಆದರೆ ಹೌದು. ಫೈಬರ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಬರೀ ಪಾಲಿಯೆಸ್ಟರ್ ರೆಸಿನ್ ಗಾತ್ರದಲ್ಲಿ ಶೇಕಡಾ 7ರ ಆಸುಪಾಸು ಕುಗ್ಗುತ್ತದೆ. ಗಾಜಿನ ಮ್ಯಾಟ್ ಅದನ್ನು ತಡೆದು ಹಿಡಿದರೂ ಪೂರ್ತಿ ಅಲ್ಲ. ಅಚ್ಚಿನಿಂದ ಬೇಗ ಬಿಡಿಸಿದರೆ ಮೂಲೆ ತಿರುಚಿಕೊಳ್ಳುವುದೂ ಉಂಟು. ಅದಕ್ಕೇ ಪೈಂಟಿಗೆ ಮೊದಲು ಕೂರಿಸಿ ನೋಡಬೇಕು. ಪೈಂಟ್ ಆದಮೇಲೆ ಅಂಚು ಉಜ್ಜುವ ಪ್ರಸಂಗ ಬಂದರೆ ದುಡ್ಡೂ ಹೋಯಿತು, ಕೆಲಸವೂ ಹೋಯಿತು.

ನಮ್ಮ ಟಿಂಕರಣ್ಣ ತಾಳ್ಮೆಯ ಮನುಷ್ಯ. ಮೊದಲು ಗಾಡಿಯ ಮುಂದಿನ ಗಾಜಿನ ಬುಡದ ಗೆರೆ ಸರಿಮಾಡಿದರು. ಆಮೇಲೆ ಎರಡು ಬದಿಯ ಮಡ್‌ಗಾರ್ಡ್, ಕೊನೆಗೆ ಮೂತಿ. ಹಿಂಜಿನ ಬೋಲ್ಟುಗಳನ್ನು ಪೂರ್ತಿ ಬಿಗಿಯದೆ, ಕೈಯಲ್ಲಿ ಸರಿಸಿದರೆ ಸರಿಯುವಷ್ಟು ಬಿಟ್ಟಿದ್ದರು. ಒಂದು ರಟ್ಟಿನ ತುಂಡನ್ನು ಮಡಚಿ ಸಂದಿಯ ಅಳತೆ ಮಾಡಿಕೊಂಡರು. ಅದನ್ನು ಸಂದಿಯಲ್ಲಿ ಹಿಂದಿನಿಂದ ಮುಂದಕ್ಕೆ ಎಳೆಯುತ್ತಾ ಬರುವುದು. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪೆನ್ಸಿಲ್ ಗುರುತು. ಬಲಗಡೆ ಮುಂದಿನ ಅರ್ಧ ಗೇಣು ಬಿಗಿಯಾಗಿತ್ತು. ಮರದ ತುಂಡಿಗೆ ಎಮ್ರಿ ಪೇಪರ್ ಸುತ್ತಿ, ಅಂಚನ್ನು ಒಂದೇ ದಿಕ್ಕಿನಲ್ಲಿ ಉಜ್ಜಿದರು. ಹಿಂದೆ ಮುಂದೆ ಉಜ್ಜಿದರೆ ಜೆಲ್‌ಕೋಟಿನ ಅಂಚು ಚಕ್ಕೆ ಏಳುತ್ತದಂತೆ. ಉಜ್ಜುವುದು, ಮುಚ್ಚುವುದು, ರಟ್ಟು ಎಳೆಯುವುದು. ಮತ್ತೆ ತೆಗೆಯುವುದು. ನೋಡುವವರಿಗೆ ಬೇಜಾರು ಬರುವ ಕೆಲಸ. ನನಗೆ ಬರಲಿಲ್ಲ. ಎಡಗಡೆ ಸಂದಿ ಅಗಲವಾಗಿದ್ದ ಕಡೆ ರೆಸಿನ್ನಿನಲ್ಲಿ ಕತ್ತರಿಸಿದ ಗಾಜಿನ ಎಳೆ ಕಲಸಿ ಅಂಚು ಬೆಳೆಸಿದರು. ಅಲ್ಲಿ ಬರೀ ಪುಟ್ಟಿ ಮೆತ್ತುವವರು ಇದ್ದಾರೆ. ಬಾನೆಟ್ಟನ್ನು ಧಡಾರ್ ಅಂತ ಮುಚ್ಚಿದ ದಿನ ಆ ಪುಟ್ಟಿ ಉದುರುತ್ತದೆ.

ಮೂಲೆಯ ರಬ್ಬರ್ ಗುಂಡುಗಳು ಸಣ್ಣ ವಿಷಯ ಅನ್ನಿಸಬಹುದು. ತಗಡಿಗಿಂತ ಫೈಬರ್ ಜಾಸ್ತಿ ಬಾಗುತ್ತದೆ. ಗುಂಡುಗಳ ಎತ್ತರ ಸರಿ ಇಲ್ಲದಿದ್ದರೆ ಓಡುವಾಗ ಮೂಲೆ ಪಟಪಟ ಬಡಿಯುತ್ತದೆ, ಇಲ್ಲವೇ ಒಂದೇ ಕಡೆ ಭಾರ ಬಿದ್ದು ಬಿರುಕು ಬಿಡುತ್ತದೆ. ಅವನ್ನು ತಿರುಗಿಸಿ ತಿರುಗಿಸಿ ನಾಲ್ಕೂ ಕಡೆ ಒಂದೇ ಸಮ ತಾಗುವ ಹಾಗೆ ಮಾಡಿದರು. ಸ್ಕೂಪಿನ ಕೆಳಗೆ ಇಂಟರ್‌ಕೂಲರಿಗೆ ಒತ್ತಿ ಕೂರುವ ಫೋಮ್ ಪಟ್ಟಿ ಹಳೇ ಬಾನೆಟ್ಟಿನದ್ದು ಹೊಂದಲಿಲ್ಲ, ದಪ್ಪದ್ದು ಬೇಕಾಯಿತು. ಅದು ಕೂರದಿದ್ದರೆ ಗಾಳಿ ಇಂಟರ್‌ಕೂಲರ್ ಬಿಟ್ಟು ಸುತ್ತಮುತ್ತ ಹೋಗಿಬಿಡುತ್ತದೆ.

ಬಿಸಿಯ ಮಾತೂ ಇದೆ. ಸಾಧಾರಣ ಪಾಲಿಯೆಸ್ಟರ್ ರೆಸಿನ್ 60–70 ಡಿಗ್ರಿ ಸುಮಾರಿಗೆ ಮೆತ್ತಗಾಗಲು ಶುರು ಆಗುತ್ತದೆ. ಟರ್ಬೋದ ಮೇಲೆ, ಮೇ ತಿಂಗಳ ಬಿಸಿಲಿನಲ್ಲಿ, ಲೋಡ್ ಗಾಡಿ ನಿಂತಾಗ ಅಷ್ಟು ಬಿಸಿ ಏರುವುದು ದೊಡ್ಡ ವಿಷಯ ಅಲ್ಲ. ಐಸೋ ಅನ್ನುವ ಇನ್ನೊಂದು ಜಾತಿಯ ಪಾಲಿಯೆಸ್ಟರ್ ರೆಸಿನ್ ಆದರೆ ಇನ್ನೂ ಜಾಸ್ತಿ ತಡೆಯುತ್ತದೆ. ದೋಣಿಯವರು ನೀರಿಗೆ ಗುಳ್ಳೆ ಏಳದಿರಲಿ ಅಂತ ಐಸೋ ಜೆಲ್‌ಕೋಟ್ ಕೇಳಿ ಪಡೆಯುತ್ತಾರೆ. ಬಾನೆಟ್ ಕೊಳ್ಳುವವರು ರೆಸಿನ್ ಯಾವುದು ಅಂತ ಕೇಳುವುದೇ ಇಲ್ಲ, ಸ್ಕೂಪ್ ಯಾವ ಡಿಸೈನ್ ಅಂತ ಕೇಳುತ್ತಾರೆ. ನಾವು ಒಳಮೈಗೆ ಅಲ್ಯೂಮಿನಿಯಂ ಹಾಳೆ ಇರುವ ಶಾಖ ತಡೆಯ ಪ್ಯಾಡ್ ಹಾಕಿಸಿದೆವು.

ಲಾಕ್

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ. ಅದು ಲಾಕ್. ತಗಡಿನ ಬಾನೆಟ್ಟಿನಲ್ಲಿ ಲಾಕಿನ ಕೊಂಡಿಯನ್ನು ಒಳ ಚೌಕಟ್ಟಿಗೆ ಗಟ್ಟಿಯಾಗಿ ಬಿಗಿದಿರುತ್ತಾರೆ. ಫೈಬರಿನಲ್ಲಿ ಕೊಂಡಿಯ ಬೋಲ್ಟ್ ಬರೀ ಗಾಜು ರೆಸಿನ್ನಿಗೆ ಕಚ್ಚಿಕೊಂಡಿರಬಾರದು. ಒಳಗೆ ಅಗಲವಾದ ಲೋಹದ ಪಟ್ಟಿ ಇದ್ದು, ಅದರ ಮೇಲೆ ಪದರ ಹಾಕಿರಬೇಕು. ನಮಗೆ ಬಂದದ್ದರಲ್ಲಿ ಇದ್ದದ್ದು ಸಣ್ಣ ವಾಷರುಗಳು. ಹೈವೇಯಲ್ಲಿ ಎದುರಿನಿಂದ ಬಸ್ಸು ಹಾದುಹೋದಾಗ ಗಾಳಿ ಬಾನೆಟ್ಟಿನ ಮೂತಿಯನ್ನು ಎತ್ತಲು ನೋಡುತ್ತದೆ. ಬಾರಿಬಾರಿಗೂ ಅದೇ ಎಳೆತ. ವಾಷರ್ ಸುತ್ತ ಸಣ್ಣ ಬಿರುಕು ಬಂದು, ಒಂದು ದಿನ ಕೊಂಡಿ ಕಿತ್ತು ಬಂದರೆ ಬಾನೆಟ್ ನೇರ ಮುಂದಿನ ಗಾಜಿಗೆ ಬಡಿಯುತ್ತದೆ. ಡ್ರೈವರಿಗೆ ರಸ್ತೆಯೇ ಕಾಣುವುದಿಲ್ಲ. ಬೈಕಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವವರು ಎದುರಿಗೆ ಇರುತ್ತಾರೆ.

ಅದಕ್ಕೆ ಅಂಗೈ ಅಗಲದ ಸ್ಟೈನ್‌ಲೆಸ್ ಪಟ್ಟಿ ಕತ್ತರಿಸಿ, ಒರಟು ಮಾಡಿ, ಒಳಗೆ ಅಂಟಿಸಿ, ಮೇಲೆ ಮ್ಯಾಟ್ ಮುಚ್ಚಿದೆವು. ಎರಡನೇ ಕೊಕ್ಕೆ, ಅಂದರೆ ಲಾಕ್ ಬಿಟ್ಟರೂ ಬಾನೆಟ್ ಪೂರ್ತಿ ಏಳದ ಹಾಗೆ ಹಿಡಿಯುವುದು, ಒರಿಜಿನಲ್ ಗಾಡಿಯದ್ದೇ ಉಳಿಸಿಕೊಂಡೆವು. ಅದರ ಮೇಲೆ ಎರಡು ಮೂಲೆಗೂ ಬಾನೆಟ್ ಪಿನ್. ಚಂದಕ್ಕೆ ಅಡ್ಡಿ ಅಂತ ಹುಡುಗರು ಗೊಣಗಿದರು. ಗೊಣಗಲಿ.

ಮಳೆಗಾಲ ಮತ್ತು ಬಣ್ಣ

ನಮ್ಮ ಕರಾವಳಿಯಲ್ಲಿ ಒಂದು ವಿಚಿತ್ರ ಲೆಕ್ಕ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಸೇರುತ್ತವೆ, ಮೀನಿನ ಗಾಡಿಗಳಿಗೂ ರಜೆ. ಹಾಗಾಗಿ ಗಾಡಿಯವರು ಟಿಂಕರಿಂಗ್, ಪೈಂಟಿಂಗ್ ಎಲ್ಲ ಆಗಲೇ ಇಟ್ಟುಕೊಳ್ಳುತ್ತಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ಆ ಮಳೆಯ ನಟ್ಟನಡುವೆ, ಬಣ್ಣದ ಕೆಲಸ! ತಿನ್ನರ್ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಹಳೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೈಂಟಾದರೆ ಬೆಳ್ಳಗೆ ಮಂಜು ಹಿಡಿದಂತಾಗುತ್ತದೆ. ಪಿಯು (ಪಾಲಿಯುರೆಥೇನ್) ಪೈಂಟಿನ ಹಾರ್ಡ್ನರ್ ನೀರಿನ ಜೊತೆ ಸೇರಿದರೆ ಗ್ಯಾಸ್ ಬಿಟ್ಟು ಸೂಜಿಮೊನೆಯ ಗುಳ್ಳೆ ಏಳುತ್ತದೆ. ಗಾಳಿಯ ತೇವಾಂಶ ಶೇಕಡಾ 85 ದಾಟಿದರೆ ಪೈಂಟ್ ಹೊಡೆಯಬೇಡಿ ಅನ್ನುವುದು ಈ ಕೆಲಸದವರ ಸಾಮಾನ್ಯ ನಿಯಮ. ಜುಲೈ ತಿಂಗಳಲ್ಲಿ ಉಡುಪಿಯಲ್ಲಿ ಅದು 85ರ ಕೆಳಗೆ ಇಳಿಯುವ ಹೊತ್ತನ್ನು ಹುಡುಕಬೇಕು.

ನಮ್ಮ ಪೈಂಟರಣ್ಣ ಹೇಳಿದ್ದು ಬೇರೆ ದಾರಿ. ಈಗ ಬರೀ ಎಪಾಕ್ಸಿ ಪ್ರೈಮರ್ ಹೊಡೆಯುವ. ಬೂದು ಬಣ್ಣದಲ್ಲೇ ಓಡಿಸಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಕಲರ್. ಆಗಸ್ಟ್ ಮೊದಲ ವಾರದಲ್ಲಿ ಹೊಸ ಬಣ್ಣದಲ್ಲಿ ಬಂದರಿಗೆ ಹೋಗುವ ಆಸೆ ಯಾರಿಗೆ ಇರುವುದಿಲ್ಲ? ಆದರೆ ಅವರು ಕೊಟ್ಟ ಕಾರಣ ಬಲವಾದದ್ದು. ಹೊಸ ಫೈಬರ್ ತಿಂಗಳುಗಟ್ಟಲೆ ಒಳಗೊಳಗೇ ಗಟ್ಟಿಯಾಗುತ್ತಾ ಕುಗ್ಗುತ್ತಾ ಇರುತ್ತದೆ. ಎಂಜಿನ್ನಿನ ಬಿಸಿ ತಾಗಿದಾಗ ಅದು ಇನ್ನೂ ಬೇಗ ಆಗುತ್ತದೆ. ಆಗ ಒಳಗಿನ ಮ್ಯಾಟಿನ ಎಳೆಗಳ ಗುರುತು ಹೊರಮೈಯಲ್ಲಿ ಮಸುಕಾಗಿ ಮೂಡುತ್ತದೆ. ಮೂಡುವುದಿದ್ದರೆ ಪ್ರೈಮರಿನಲ್ಲೇ ಮೂಡಲಿ, ಆಮೇಲೆ ಉಜ್ಜಿ ತೆಗೆಯಬಹುದು. ಕ್ಲಿಯರ್ ಕೋಟಿನ ಅಡಿಯಲ್ಲಿ ಮೂಡಿದರೆ ಪುನಃ ಮೊದಲಿಂದ ಶುರು.

ಪ್ರೈಮರಿಗೂ ಮೊದಲಿನ ಕೆಲಸ ನಾನು ಹತ್ತಿರ ನಿಂತು ನೋಡಿದೆ. ಅಚ್ಚಿನಿಂದ ಬಿಟ್ಟು ಬರಲಿ ಅಂತ ಸವರಿದ ಮೇಣ ಬಾನೆಟ್ಟಿನ ಮೈಗೂ ಸ್ವಲ್ಪ ಅಂಟಿ ಬಂದಿರುತ್ತದೆ. ಕಣ್ಣಿಗೆ ಕಾಣದು. ಅದರ ಮೇಲೆ ಪೈಂಟ್ ಹೊಡೆದರೆ ಅಲ್ಲಲ್ಲಿ ಮೀನಿನ ಕಣ್ಣಿನಷ್ಟು ಜಾಗ ಬಿಟ್ಟು ಪೈಂಟ್ ಸರಿದುಕೊಳ್ಳುತ್ತದೆ. ಮೊದಲೇ ಎಮ್ರಿ ಹಾಕಿ ಉಜ್ಜಿದರೂ ತಪ್ಪು, ಮೇಣ ಗೀರುಗಳ ಒಳಗೆ ಇಳಿಯುತ್ತದೆ. ಮೊದಲು ತೊಳೆಯಬೇಕು, ಆಮೇಲೆ ಉಜ್ಜಬೇಕು. ಪೈಂಟರಣ್ಣ ಸೋಪು ನೀರಿನಲ್ಲಿ ತೊಳೆದು, ಮೇಣ ತೆಗೆಯುವ ದ್ರಾವಣದಲ್ಲಿ ಒಂದು ಬಟ್ಟೆ ಒರೆಸುತ್ತಾ ಹೋದರೆ ಹಿಂದೆಯೇ ಇನ್ನೊಂದು ಒಣ ಬಟ್ಟೆ. ಆಮೇಲೆ ಮಗ್ಗಿನಿಂದ ನೀರು ಸುರಿದರು. ಒಂದು ಕಡೆ ನೀರು ಹನಿಹನಿಯಾಗಿ ಒಡೆದು ನಿಂತಿತು. "ನೋಡಿ, ಅಲ್ಲಿ ಇನ್ನೂ ಉಂಟು," ಅಂದರು. ಮತ್ತೆ ಒರೆಸಿದರು. ಮತ್ತೆ ನೀರು. ಕೊನೆಗೆ ನೀರು ಎಲ್ಲೂ ಒಡೆಯದೆ ಇಡೀ ಮೈಯ ಮೇಲೆ ಒಂದೇ ಹಾಳೆಯಾಗಿ ಹರಡಿ ಇಳಿಯಿತು. ಆಮೇಲೆಯೇ 180ರ ಪೇಪರ್, ಅದಾದ ಮೇಲೆ 320. ಉಜ್ಜಿದಾಗ ಜೆಲ್‌ಕೋಟಿನಲ್ಲಿದ್ದ ಗಾಳಿಯ ತೂತುಗಳು ಬಾಯಿ ಬಿಟ್ಟವು. ಒಂದೊಂದನ್ನೂ ಬ್ಲೇಡಿನ ತುದಿಯಿಂದ ಅಗಲ ಮಾಡಿ ತುಂಬಿಸಿದರು. ಮೇಲೆ ಮೇಲೆ ಮುಚ್ಚಿದರೆ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಪೈಂಟನ್ನೇ ಎತ್ತುತ್ತದೆ. ಅಂದಹಾಗೆ, ಗ್ಯಾರೇಜಿನಲ್ಲಿ ಸದಾ ಇರುವ ರೆಡ್ ಆಕ್ಸೈಡ್ ಇಲ್ಲಿ ಬೇಡ. ಅದು ಕಬ್ಬಿಣದ ತುಕ್ಕು ತಡೆಯಲು ಇರುವುದು. ಇಲ್ಲಿ ತುಕ್ಕೇ ಇಲ್ಲ, ಬೇಕಾದದ್ದು ಗಟ್ಟಿ ಹಿಡಿತ ಮತ್ತು ನೀರು ಒಳಗೆ ಬಿಡದ ಪದರ. ಒಳಮೈಗೂ ಹೊಡೆಸಿದೆವು. ಬಿಚ್ಚಿದ ಗಾಜಿನ ಎಳೆಯ ತುದಿ ನೀರು, ಡೀಸೆಲ್ ಎರಡನ್ನೂ ಹೀರುತ್ತದೆ.

ಬೂದು ಮೂತಿಯಲ್ಲೇ ಮಳೆಗಾಲ ಕಳೆಯಿತು. ನವೆಂಬರಿನಲ್ಲಿ ಓರೆಯಾಗಿ ಟಾರ್ಚ್ ಹಿಡಿದು ನೋಡಿದಾಗ ಸ್ಕೂಪಿನ ಹಿಂದೆ ಎಳೆಗಳ ಗುರುತು ಮೂಡಿತ್ತು. ಪೈಂಟರಣ್ಣ ಹೇಳಿದ ಜಾಗದಲ್ಲೇ, ಟರ್ಬೋದ ನೇರ ಮೇಲೆ. ತಗ್ಗು ತುಂಬುವ ಸರ್ಫೇಸರ್ ಹೊಡೆದು, ಕಪ್ಪು ಪುಡಿಯ ಗೈಡ್ ಕೋಟ್ ಸವರಿ, 600ರ ವಾಟರ್ ಪೇಪರಿನಲ್ಲಿ ಉಜ್ಜಿದಾಗ ಕಪ್ಪು ಉಳಿದ ಜಾಗ ತಗ್ಗು ಎಲ್ಲಿದೆ ಅಂತ ತೋರಿಸಿಕೊಟ್ಟಿತು. ಕಪ್ಪು ಪೂರ್ತಿ ಹೋಗುವವರೆಗೆ ಉಜ್ಜಿದರು.

ಬಣ್ಣ ಬಿಳಿ. ಆರ್‌ಸಿಯಲ್ಲಿ ಗಾಡಿಯ ಬಣ್ಣವೂ ದಾಖಲಾಗಿರುತ್ತದೆ, ಬದಲಾಯಿಸುವುದಾದರೆ ಆರ್‌ಟಿಓದಲ್ಲಿ ತಿದ್ದಿಸಿಕೊಳ್ಳಬೇಕು. ಆ ಯೋಚನೆ ನಮಗಿರಲೂ ಇಲ್ಲ. ಫೈಬರಿಗೆ ಬಿಳಿಯೇ ಒಳ್ಳೆಯದು, ಬಿಸಿಲು ಕಮ್ಮಿ ಹೀರುತ್ತದೆ. ಆದರೆ ಡಬ್ಬಿಯ ಬಿಳಿ ಬೇರೆ, ವರ್ಷಾನುಗಟ್ಟಲೆ ಬಿಸಿಲು ತಿಂದ ನಮ್ಮ ಬಾಗಿಲಿನ ಬಿಳಿ ಬೇರೆ. ತಗಡಿನ ಚೂರುಗಳಿಗೆ ಹೊಡೆದು, ಒಣಗಿಸಿ, ಮಡ್‌ಗಾರ್ಡಿನ ಪಕ್ಕ ಹಿಡಿದು, ಟ್ಯೂಬ್‌ಲೈಟಿನ ಅಡಿಯಲ್ಲಲ್ಲ, ಹೊರಗೆ ಬೆಳಕಿನಲ್ಲಿ ನೋಡಿದೆವು. ಒಂದೊಂದು ಹನಿ ಹಳದಿ, ಒಂದೊಂದು ಹನಿ ಕಪ್ಪು ಸೇರುತ್ತಾ ಹೋಯಿತು. ಪೈಂಟ್ ಹೊಡೆದದ್ದು ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಕಡಲ ಗಾಳಿ ಏಳುವ ಮೊದಲು. ಕಂಪ್ರೆಸರಿನ ನೀರು ಮೊದಲೇ ಬಿಟ್ಟು, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದ್ದರು. ಪಿಯು ಹಾರ್ಡ್ನರಿನ ಹಬೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಖಕ್ಕೆ ಬೈರಾಸು ಸುತ್ತಿಕೊಂಡರೆ ಅದು ತಡೆಯುವುದಿಲ್ಲ. ನಮ್ಮ ಪೈಂಟರಣ್ಣ ಡಬ್ಬಿ ಇರುವ ಮಾಸ್ಕ್ ಹಾಕುತ್ತಾರೆ, ಕಲಿಯುವ ಹುಡುಗನಿಗೂ ಹಾಕಿಸುತ್ತಾರೆ. ಇಂಥ ಗ್ಯಾರೇಜಿಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ಬೇಜಾರಿಲ್ಲ.

ಈಗ ಬಾನೆಟ್ ಮೇಲೆ ಕಲ್ಲು ಹಾರಿದ ಗುರುತುಗಳು ಬಂದಿವೆ. ಸಣ್ಣ ಬಿಳಿ ಚಕ್ಕೆ ಎದ್ದಿದೆ, ಅಡಿಯಲ್ಲಿ ಬೂದು ಪ್ರೈಮರ್ ಕಾಣುತ್ತದೆ. ಕಂದು ಬಣ್ಣ ಮಾತ್ರ ಇಲ್ಲ. ಪಿನ್ ಇರುವ ಮೂಲೆಗಳನ್ನು, ಲಾಕಿನ ಸುತ್ತಲಿನ ಜಾಗವನ್ನು ಆಯಿಲ್ ಬದಲಾಯಿಸುವಾಗಲೆಲ್ಲ ಬೆರಳಾಡಿಸಿ ನೋಡುತ್ತೇನೆ.

ಬಂದರಿನಲ್ಲಿ ಬೇಡ ಅಂದಿದ್ದವರಲ್ಲಿ ಒಬ್ಬರು ತಮ್ಮ ಗಾಡಿಗೂ ಬಾನೆಟ್ ಬೇಕು ಅಂತ ಈಚೆಗೆ ಕೇಳಿದರು. ರಟ್ಟಿನಲ್ಲಿ ತರಿಸುವುದು ಅವರಿಗೆ ಇಷ್ಟವಿಲ್ಲ. ಪಡುಕೆರೆಯ ಹಿರಿಯರ ಹತ್ತಿರವೇ ಅಚ್ಚು ತೆಗೆಸಿ, ದೋಣಿಗೆ ತರುವ ಐಸೋ ರೆಸಿನ್ನಿನಲ್ಲೇ ಮಾಡಿಸಬಹುದಾ ಅಂತ ಯೋಚನೆ. ಹಿರಿಯರು ಒಪ್ಪಿದ್ದಾರೆ. ಅಳತೆಗೆ ತುಕ್ಕಿಲ್ಲದ ಒಂದು ಒರಿಜಿನಲ್ ತಗಡಿನ ಬಾನೆಟ್ ಬೇಕಂತೆ. ಅದು ಮಂಗಳೂರಿನ ಗುಜರಿ ಅಂಗಡಿಗಳಲ್ಲಿ ಸಿಗುವುದಿಲ್ಲ, ಘಟ್ಟದ ಮೇಲೆ ಹೋಗಬೇಕು ಅಂತ ಟಿಂಕರಣ್ಣ ಹೇಳುತ್ತಿದ್ದಾರೆ. ಬರುವ ವಾರ ಹಾಸನದ ಕಡೆ ಲೋಡ್ ಇದೆ, ಹೋದವನು ನೋಡಿಕೊಂಡು ಬರುತ್ತೇನೆ.